ದೂರದ ಮೈಕ್‌ಗೆ ಮೊದಲು ಕೇಳಿಸಿದ್ದು ಹೇಗೆ? – ಎರಡು ಸಂಕೇತಗಳನ್ನು ಒಂದೇ ಸಮಯಕ್ಕೆ ಅಳೆಯಲು ಹೊರಟ ಅನುಭವ

ಅಭ್ಯಾಸ ಬೋಧನೆಯಲ್ಲಿ ಈ ಸಲ ನನಗೆ ಒಂಬತ್ತನೇ ತರಗತಿಯ ‘ಶಬ್ದ’ ಘಟಕ ಬಂದಿತ್ತು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್ ಎಂದು ಹಲಗೆಯ ಮೇಲೆ ಬರೆದು ಮುಂದೆ ಹೋಗುವುದು ಸುಲಭ. ಹಾಗೆ ಮಾಡದೆ ಮಕ್ಕಳ ಎದುರಿಗೇ ಅಳೆದು ತೋರಿಸಬೇಕೆಂದು ಪಾಠ ಯೋಜನೆಯಲ್ಲಿ ಬರೆದೆ. ಬಿ.ಎಸ್ಸಿ. ಪ್ರಾಜೆಕ್ಟಿಗೆ ಕೊಂಡಿದ್ದ ಆರ್ಡುಯಿನೊ ಉನೊ ಬೋರ್ಡು ನನ್ನ ಬಳಿ ಇತ್ತು. ಎರಡು ಚಿಕ್ಕ ಮೈಕ್ ಮಾಡ್ಯೂಲ್ ಸೇರಿಸಿಕೊಂಡೆ. ಮೇಜಿನ ಮೇಲೆ ಒಂದು ಮೀಟರ್ ಅಂತರದಲ್ಲಿ ಎರಡು ಮೈಕ್, ಮೇಜಿನ ಒಂದು ತುದಿಯಲ್ಲಿ ಚಪ್ಪಾಳೆ. ಹತ್ತಿರದ ಮೈಕ್‌ಗೆ ಮೊದಲು, ದೂರದ್ದಕ್ಕೆ ಆಮೇಲೆ ಕೇಳಿಸುತ್ತದೆ. ನಡುವಿನ ಸಮಯ ಸಿಕ್ಕರೆ ವೇಗ ಸಿಕ್ಕಂತೆ. ಯೋಜನೆ ಇಷ್ಟೇ.

ಆ ಪಾಠ ಕೆಟ್ಟಿತು. ಏಕೆ ಕೆಟ್ಟಿತು, ಎರಡು ದಿನಗಳ ನಂತರ ಹೇಗೆ ಸರಿಪಡಿಸಿದೆ ಎಂಬುದನ್ನು ಮುಂದೆ ಈ ಘಟಕ ತೆಗೆದುಕೊಳ್ಳುವ ಸಹಪಾಠಿಗಳಿಗಾಗಿ ಬರೆಯುತ್ತಿದ್ದೇನೆ.

ತರಗತಿಯಲ್ಲಿ ನಡೆದದ್ದು

ನಾನು ಬರೆದಿದ್ದ ಪ್ರೋಗ್ರಾಂ ಹೀಗಿತ್ತು: ಮೊದಲ ಮೈಕ್ ಓದು, ಆ ಸಂಖ್ಯೆಯನ್ನು ಲ್ಯಾಪ್‌ಟಾಪ್‌ಗೆ ಕಳಿಸು, ಎರಡನೇ ಮೈಕ್ ಓದು, ಅದನ್ನೂ ಕಳಿಸು, ಮತ್ತೆ ಮೊದಲಿನಿಂದ. ಪರದೆಯ ಮೇಲೆ ಎರಡು ಸಂಖ್ಯೆಗಳ ಸಾಲುಗಳು ಒಂದರ ಕೆಳಗೊಂದು ಬರುತ್ತಿದ್ದವು. ಸದ್ದಿಲ್ಲದಾಗ ಎರಡೂ 512ರ ಆಸುಪಾಸು, ಚಪ್ಪಾಳೆ ತಟ್ಟಿದಾಗ ಏರುಪೇರು.

ಹತ್ತು ಸಲ ಚಪ್ಪಾಳೆ ತಟ್ಟಿಸಿದೆ. ಎಂಟು ಸಲ ಎರಡೂ ಮೈಕ್‌ಗಳ ಏರುಪೇರು ಒಂದೇ ಸಾಲಿನಲ್ಲಿ ಕಂಡಿತು. “ಶಬ್ದ ಅಷ್ಟು ವೇಗವಾಗಿ ಹೋಗುತ್ತದೆ, ನೋಡಿ, ಎರಡಕ್ಕೂ ಒಟ್ಟಿಗೇ ಕೇಳಿಸಿದಂತಿದೆ” ಎಂದು ಹೇಳಿಬಿಟ್ಟೆ. ಉಳಿದ ಎರಡು ಸಲ ಆದದ್ದು ಇನ್ನೂ ವಿಚಿತ್ರ. ದೂರದ ಮೈಕ್‌ನ ಸಂಖ್ಯೆ ಒಂದು ಸಾಲು ಮೊದಲೇ ಏರಿತ್ತು. ಅದನ್ನು ನಾನು ನೋಡಿಯೂ ನೋಡದಂತೆ ಮುಂದೆ ಹೋಗುತ್ತಿದ್ದೆ. ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಮಿಸ್, ದೂರದ್ದಕ್ಕೆ ಮೊದಲು ಹೇಗೆ ಕೇಳಿಸ್ತು?”

“ಅದು ಗದ್ದಲದಿಂದ ಬಂದ ತಪ್ಪು ಓದು, ಬಿಡು” ಎಂದೆ. ಅವಳು ಕುಳಿತಳು. ನಾನು 340 ಎಂದು ಹಲಗೆಯ ಮೇಲೆ ಬರೆದೆ. ಮಕ್ಕಳು ಬರೆದುಕೊಂಡರು. ಯಾವುದನ್ನು ಬರೆಯದೆ ಅಳೆದು ತೋರಿಸುತ್ತೇನೆಂದು ಹೊರಟಿದ್ದೆನೋ ಅದನ್ನೇ ಬರೆದಿದ್ದೆ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ನಮೂನೆಯಲ್ಲಿ ಒಂದೇ ವಾಕ್ಯ ಬರೆದಿದ್ದರು: ‘ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ದೊರೆತಿಲ್ಲ.’

ನಿಜ ಹೇಳಬೇಕೆಂದರೆ ಉತ್ತರ ನನಗೂ ಗೊತ್ತಿರಲಿಲ್ಲ. ಗದ್ದಲ ಎಂದದ್ದು ಸುಮ್ಮನೆ ಬಾಯಿಗೆ ಬಂದದ್ದು.

ಒಂದೇ ಕಣ್ಣು, ಆರು ಕಿಟಕಿ

ಆರ್ಡುಯಿನೊ ಉನೊದಲ್ಲಿ ಎ0ಯಿಂದ ಎ5ರವರೆಗೆ ಆರು ಅನಲಾಗ್ ಪಿನ್‌ಗಳಿವೆ. ಆರು ಪಿನ್ ಇದ್ದರೆ ಆರನ್ನೂ ಒಟ್ಟಿಗೆ ಅಳೆಯುತ್ತದೆ ಎಂದೇ ನಾನು ತಿಳಿದಿದ್ದೆ. ಹಾಗಲ್ಲ. ಅದರಲ್ಲಿರುವ ಎಟಿಮೆಗಾ328ಪಿ ಚಿಪ್‌ನೊಳಗೆ ವೋಲ್ಟೇಜನ್ನು ಸಂಖ್ಯೆಯಾಗಿ ಬದಲಿಸುವ ಘಟಕ, ಅಂದರೆ ಎಡಿಸಿ, ಇರುವುದು ಒಂದೇ. ಆರು ಪಿನ್‌ಗಳ ಹಿಂದೆ ಮಲ್ಟಿಪ್ಲೆಕ್ಸರ್ ಎಂಬ ಸ್ವಿಚ್ ಇದೆ. ಅದು ಒಂದು ಸಲಕ್ಕೆ ಒಂದು ಪಿನ್ನನ್ನು ಮಾತ್ರ ಎಡಿಸಿಗೆ ಜೋಡಿಸುತ್ತದೆ. ಆರು ಕಿಟಕಿಗಳಿರುವ ಮನೆಯಲ್ಲಿ ಒಂದೇ ಕಣ್ಣಿನವನು ಒಂದಾದ ಮೇಲೊಂದು ಕಿಟಕಿಗೆ ಬಂದು ನೋಡಿದ ಹಾಗೆ.

ಒಂದು ಸಲ ನೋಡಲು ಎಷ್ಟು ಹೊತ್ತು ಬೇಕು? ಇದನ್ನು ತಿಳಿಯಲು ಎಡಿಸಿ ಕೆಲಸ ಮಾಡುವ ಬಗೆ ನೋಡಬೇಕು. 0ರಿಂದ 1023ರೊಳಗೆ ಒಂದು ಸಂಖ್ಯೆ ನೆನೆಸಿಕೋ, ನಾನು ಹತ್ತೇ ಪ್ರಶ್ನೆಯಲ್ಲಿ ಹೇಳುತ್ತೇನೆ ಎಂಬ ಆಟ ಮಕ್ಕಳಿಗೆ ಗೊತ್ತು. 512 ಅಥವಾ ಅದಕ್ಕಿಂತ ಹೆಚ್ಚೇ? ಹೌದಾದರೆ 768 ಅಥವಾ ಅದಕ್ಕಿಂತ ಹೆಚ್ಚೇ? ಹೀಗೆ ಅರ್ಧರ್ಧ ಮಾಡುತ್ತಾ ಹೋದರೆ ಹತ್ತನೇ ಪ್ರಶ್ನೆಗೆ ಉತ್ತರ ಸಿಗುತ್ತದೆ. 10 ಬಿಟ್‌ನ ಎಡಿಸಿ ಮಾಡುವುದೂ ಇದನ್ನೇ. ಪ್ರಶ್ನೆ ಕೇಳುವ ಹೊತ್ತಿನಲ್ಲಿ ವೋಲ್ಟೇಜ್ ಬದಲಾಗಬಾರದಲ್ಲ, ಅದಕ್ಕಾಗಿ ಒಳಗಿರುವ ಪುಟ್ಟ ಕೆಪ್ಯಾಸಿಟರ್ ಒಂದು ಆ ಕ್ಷಣದ ವೋಲ್ಟೇಜನ್ನು ಹಿಡಿದಿಟ್ಟುಕೊಳ್ಳುತ್ತದೆ.

ಆರ್ಡುಯಿನೊದ ಸಾಮಾನ್ಯ ಹೊಂದಾಣಿಕೆಯಲ್ಲಿ 16 ಮೆಗಾಹರ್ಟ್ಸ್ ಗಡಿಯಾರವನ್ನು 128ರಿಂದ ಭಾಗಿಸಿ ಎಡಿಸಿಗೆ ಕೊಡಲಾಗುತ್ತದೆ. ಅಂದರೆ 125 ಕಿಲೋಹರ್ಟ್ಸ್, ಒಂದು ಮಿಡಿತಕ್ಕೆ 8 ಮೈಕ್ರೋಸೆಕೆಂಡ್. ಒಂದು ಓದಿಗೆ 13 ಮಿಡಿತ ಬೇಕು, ಒಟ್ಟು 104 ಮೈಕ್ರೋಸೆಕೆಂಡ್. ಪ್ರೋಗ್ರಾಂನ ಉಳಿದ ಕೆಲಸವೂ ಸೇರಿ ಸುಮಾರು 112 ಮೈಕ್ರೋಸೆಕೆಂಡ್. ಹಾಗಾಗಿ ಎರಡು ಪಿನ್‌ಗಳನ್ನು ಬೆನ್ನುಬೆನ್ನಿಗೆ ಓದಿದರೂ ಎರಡನೆಯದು 112 ಮೈಕ್ರೋಸೆಕೆಂಡ್ ತಡ. ಪರದೆಯ ಮೇಲೆ ಅವು ಒಂದೇ ಸಾಲಿನಲ್ಲಿ ಕಂಡರೂ ಒಂದೇ ಕ್ಷಣದವಲ್ಲ.

ನನ್ನ ನಿಜವಾದ ತಪ್ಪು

ಆದರೆ 112 ಮೈಕ್ರೋಸೆಕೆಂಡ್ ನನ್ನ ಪಾಠವನ್ನು ಕೆಡಿಸಲಾರದು. 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 348 ಮೀಟರ್. ಒಂದು ಮೀಟರ್ ಸಾಗಲು 2.9 ಮಿಲಿಸೆಕೆಂಡ್ ಬೇಕು. ಅದರ ಮುಂದೆ 0.112 ಮಿಲಿಸೆಕೆಂಡ್ ಚಿಕ್ಕದು. ತಪ್ಪು ಇದ್ದದ್ದು ಬೇರೆ ಕಡೆ: ಎರಡು ಓದುಗಳ ನಡುವೆ ನಾನು ಲ್ಯಾಪ್‌ಟಾಪ್‌ಗೆ ಸಂಖ್ಯೆ ಕಳಿಸುತ್ತಿದ್ದೆ.

ಸೀರಿಯಲ್ ಸಂಪರ್ಕದ ವೇಗವನ್ನು 9600 ಎಂದು ಇಟ್ಟಿದ್ದೆ. ಹೆಚ್ಚಿನ ಉದಾಹರಣೆಗಳಲ್ಲಿ ಅದೇ ಇರುತ್ತದೆ, ಹಾಗೇ ಬಿಟ್ಟಿದ್ದೆ. ಸೆಕೆಂಡಿಗೆ 9600 ಬಿಟ್. ಒಂದು ಅಕ್ಷರಕ್ಕೆ 10 ಬಿಟ್. ಅಂದರೆ ಒಂದು ಅಕ್ಷರ ಹೋಗಲು 1.04 ಮಿಲಿಸೆಕೆಂಡ್. ‘512’ ಮತ್ತು ಒಂದು ಅಲ್ಪವಿರಾಮ ಸೇರಿ ನಾಲ್ಕು ಅಕ್ಷರ, 4.17 ಮಿಲಿಸೆಕೆಂಡ್. ಎರಡನೇ ಸಂಖ್ಯೆ ಮತ್ತು ಸಾಲು ಮುರಿಯುವ ಎರಡು ಚಿಹ್ನೆ ಸೇರಿ ಐದು ಅಕ್ಷರ, 5.2 ಮಿಲಿಸೆಕೆಂಡ್. ಕಳಿಸಬೇಕಾದ ಅಕ್ಷರಗಳು ಮೊದಲು 64 ಬೈಟ್‌ನ ಒಂದು ತಾತ್ಕಾಲಿಕ ಜಾಗದಲ್ಲಿ ಸೇರುತ್ತವೆ. ಆರಂಭದ ಕೆಲವು ಸಾಲುಗಳು ಬೇಗ ಸಾಗುತ್ತವೆ. ಆ ಜಾಗ ತುಂಬಿದ ಮೇಲೆ ಒಂದು ಅಕ್ಷರ ಹೊರಹೋಗುವವರೆಗೂ ಪ್ರೋಗ್ರಾಂ ಕಾಯಲೇಬೇಕು.

ಎರಡು ಒಲೆಗಳ ಮೇಲೆ ಹಾಲಿಟ್ಟು ಒಬ್ಬರೇ ಕಾಯುತ್ತಿದ್ದಾರೆ ಎಂದುಕೊಳ್ಳಿ. ಒಂದನ್ನು ನೋಡಿ ತಕ್ಷಣ ಇನ್ನೊಂದಕ್ಕೆ ತಿರುಗಿದರೆ ಸರಿ. ಒಂದನ್ನು ನೋಡಿ, ಪುಸ್ತಕದಲ್ಲಿ ಬರೆದು, ಪೆನ್ನಿನ ಮುಚ್ಚಳ ಹಾಕಿ ಇನ್ನೊಂದಕ್ಕೆ ತಿರುಗುವಷ್ಟರಲ್ಲಿ ಅದು ಉಕ್ಕಿರುತ್ತದೆ. ಯಾವುದು ಮೊದಲು ಉಕ್ಕಿತು ಎಂದು ಅವರನ್ನು ಕೇಳಿ ಪ್ರಯೋಜನವಿಲ್ಲ.

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಎ0ಗೆ ಹತ್ತಿರದ ಮೈಕ್, ಎ1ಕ್ಕೆ ದೂರದ್ದು. ಎ0ಯನ್ನು ಓದಿದ ಅರ್ಧ ಮಿಲಿಸೆಕೆಂಡಿಗೆ ಶಬ್ದ ಹತ್ತಿರದ ಮೈಕ್ ತಲುಪಿತು ಎನ್ನಿ. ಎ0 ಅದನ್ನು ತಪ್ಪಿಸಿಕೊಂಡಿತು. 3.4ನೇ ಮಿಲಿಸೆಕೆಂಡಿಗೆ ಶಬ್ದ ದೂರದ ಮೈಕ್‌ಗೆ ಬಂತು. 4.17ನೇ ಮಿಲಿಸೆಕೆಂಡಿಗೆ ಎ1ನ್ನು ಓದಿದೆ, ಅಲ್ಲಿ ಸದ್ದು ಸಿಕ್ಕಿತು. ಎ0ಯ ಸರದಿ ಮತ್ತೆ ಬರುವುದು ಒಂಬತ್ತು ಮಿಲಿಸೆಕೆಂಡ್ ದಾಟಿದ ಮೇಲೆ. ಹಾಗಾಗಿ ದೂರದ ಮೈಕ್ ಒಂದು ಸಾಲು ಮುಂದೆ! ಶಬ್ದ ಇನ್ನೂ ಸ್ವಲ್ಪ ತಡವಾಗಿ ಬಂದಿದ್ದರೆ ಎರಡೂ ಮುಂದಿನ ಸಾಲಿನಲ್ಲಿ ಒಟ್ಟಿಗೆ ಕಾಣುತ್ತಿದ್ದವು. ಹತ್ತರಲ್ಲಿ ಎಂಟು ಸಲ ಆದದ್ದು ಅದೇ.

ಇನ್ನೂ ಒಂದು ಮಾತಿದೆ. ನನ್ನ ಏರ್ಪಾಟಿನಲ್ಲಿ ಹತ್ತಿರದ ಮೈಕ್ ಮೊದಲು ಎಂಬ ಸರಿಯಾದ ಉತ್ತರ ಬರುವ ಸಾಧ್ಯತೆಯೇ ಇರಲಿಲ್ಲ. ಸಮಯವನ್ನು ದೂರವಾಗಿ ಬದಲಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. 4.17 ಮಿಲಿಸೆಕೆಂಡಿನಲ್ಲಿ ಶಬ್ದ 1.45 ಮೀಟರ್ ಸಾಗುತ್ತದೆ. ಎ1ನ್ನು ಅಷ್ಟು ತಡವಾಗಿ ಓದುವುದೆಂದರೆ ಆ ಮೈಕ್‌ನ್ನು 1.45 ಮೀಟರ್ ಹತ್ತಿರಕ್ಕೆ ಎಳೆದಿಟ್ಟ ಹಾಗೆ. ಮೈಕ್‌ಗಳ ಅಂತರವೇ ಒಂದು ಮೀಟರ್. ಲೆಕ್ಕದ ಪ್ರಕಾರ ದೂರದ ಮೈಕ್ ಹತ್ತಿರದ್ದಕ್ಕಿಂತ 45 ಸೆಂಟಿಮೀಟರ್ ಮುಂದೆ ಬಂದು ಕುಳಿತಿತ್ತು. ಗದ್ದಲ ಎಂದು ನಾನು ತಳ್ಳಿಹಾಕಿದ ಎರಡು ಓದುಗಳು, ಉಪಕರಣ ತನ್ನ ಮಟ್ಟಿಗೆ ಪ್ರಾಮಾಣಿಕವಾಗಿ ಹೇಳಿದ ಸತ್ಯ.

ಸರಿಪಡಿಸಿದ ಬಗೆ

ಮೊದಲ ತಿದ್ದುಪಡಿ: ನೋಡುವಾಗ ಬರೆಯಬಾರದು. ಎರಡೂ ಮೈಕ್‌ಗಳನ್ನು ಬೆನ್ನುಬೆನ್ನಿಗೆ ಓದಿ ಚಿಪ್‌ನ ನೆನಪಿನಲ್ಲೇ ಇಟ್ಟುಕೊಂಡು, ಎಲ್ಲ ಮುಗಿದ ಮೇಲೆ ಲ್ಯಾಪ್‌ಟಾಪ್‌ಗೆ ಕಳಿಸಬೇಕು. ಉನೊದಲ್ಲಿ ಇರುವ ರ‍್ಯಾಮ್ 2048 ಬೈಟ್ ಮಾತ್ರ. ಒಂದು ಓದಿಗೆ 2 ಬೈಟ್‌ನಂತೆ ಎರಡು ಮೈಕ್‌ಗಳ 400 ಸಾಲುಗಳಿಗೆ 1600 ಬೈಟ್ ಬೇಕು. ಅಷ್ಟು ಹಿಡಿಯುತ್ತದೆ. ಎರಡರಲ್ಲಿ ಯಾವುದಾದರೂ ಮೈಕ್‌ನ ಓದು ನಿಗದಿತ ಮಿತಿ ದಾಟಿದ ಕೂಡಲೇ ಶೇಖರಣೆ ಆರಂಭ. 400 ಸಾಲುಗಳಿಗೆ ತಗಲುವ ಸಮಯವನ್ನು ಬೋರ್ಡಿನ ಮೈಕ್ರೋಸೆಕೆಂಡ್ ಎಣಿಕೆಯಿಂದಲೇ ಅಳೆದೆ: 90,000 ಮೈಕ್ರೋಸೆಕೆಂಡ್. ಒಂದು ಸಾಲಿಗೆ 225. ಊಹಿಸಿದ್ದಕ್ಕೆ ಹೊಂದಿತು.

ಎರಡನೇ ತಿದ್ದುಪಡಿ: ಮೈಕ್‌ಗಳ ಅಂತರವನ್ನು ಎರಡು ಮೀಟರ್ ಮಾಡಿದೆ. ಅಳೆಯಬೇಕಾದ ಸಮಯ ಇಮ್ಮಡಿಯಾದರೆ ಅದೇ ತಪ್ಪಿನ ಪಾಲು ಅರ್ಧವಾಗುತ್ತದೆ.

ಮೂರನೆಯದು: ಚಪ್ಪಾಳೆಯ ಬದಲು ಎರಡು ಡಸ್ಟರ್‌ಗಳ ಮರದ ಬೆನ್ನನ್ನು ಒಂದಕ್ಕೊಂದು ಬಡಿಸಿದೆ. ಸದ್ದು ಚುರುಕಾಗಿ ಏರಬೇಕು. ನಿಧಾನವಾಗಿ ಏರಿದರೆ ದೂರದ ಮೈಕ್‌ನಲ್ಲಿ ಕ್ಷೀಣವಾದ ಸದ್ದು ಮಿತಿ ದಾಟಲು ಹೆಚ್ಚು ಹೊತ್ತು ಹಿಡಿಯುತ್ತದೆ, ವೇಗ ಕಡಿಮೆ ಕಾಣುತ್ತದೆ. ಇದೇ ಕಾರಣಕ್ಕೆ ಮೈಕ್‌ನ ಪಕ್ಕದಲ್ಲೇ ನಿಂತು ಬಡಿಯದೆ ಒಂದು ಮೀಟರ್ ಹಿಂದೆ ನಿಲ್ಲುವುದು ಒಳ್ಳೆಯದು.

ಉಳಿದದ್ದು ಬೆನ್ನುಬೆನ್ನಿನ 112 ಮೈಕ್ರೋಸೆಕೆಂಡ್. ದೂರದ ಲೆಕ್ಕದಲ್ಲಿ 3.9 ಸೆಂಟಿಮೀಟರ್. ಎರಡು ಮೀಟರಿಗೆ ಶೇಕಡಾ 2ರಷ್ಟು. ಇದನ್ನು ಕಳೆಯಲು ಎ0 ಮತ್ತು ಎ1ರ ತಂತಿಗಳನ್ನು ಅದಲುಬದಲು ಮಾಡಿ ಇನ್ನೊಮ್ಮೆ ಅಳೆಯಬೇಕೆಂದು ಯೋಜನೆ ಬರೆದುಕೊಂಡೆ.

ಎರಡನೇ ಪಾಠ

ಮಾರ್ಗದರ್ಶಕ ಶಿಕ್ಷಕರನ್ನು ಇನ್ನೊಂದು ಅವಧಿ ಕೇಳಿದೆ. “ಘಟಕ ಮುಗಿಸಬೇಕಲ್ಲಮ್ಮ” ಎಂದರು. ಆಮೇಲೆ ತಮ್ಮ ಅವಧಿಯನ್ನೇ ಬಿಟ್ಟುಕೊಟ್ಟರು.

“ಮೊನ್ನೆ ನಾನು ಎರಡು ತಪ್ಪು ಹೇಳಿದೆ. ಎರಡಕ್ಕೂ ಒಟ್ಟಿಗೇ ಕೇಳಿಸಿತು ಎಂದದ್ದು ತಪ್ಪು. ಗದ್ದಲ ಎಂದದ್ದೂ ತಪ್ಪು” ಎಂದು ಪಾಠ ಆರಂಭಿಸಿದೆ. ಹೇಳುವ ಮೊದಲು ಇದ್ದ ಅಳುಕು ಹೇಳಿದ ಮೇಲೆ ಇರಲಿಲ್ಲ. ಸಂಖ್ಯೆ ಊಹಿಸುವ ಆಟ ಆಡಿಸಿದೆ, ಹಾಲಿನ ಉದಾಹರಣೆ ಹೇಳಿದೆ, 4.17 ಮಿಲಿಸೆಕೆಂಡಿನ ಲೆಕ್ಕವನ್ನು ಅವರಿಂದಲೇ ಮಾಡಿಸಿದೆ. 1.45 ಮೀಟರ್ ಎಂದು ಉತ್ತರ ಬಂದಾಗ ಮೂರನೇ ಬೆಂಚಿನ ಹುಡುಗಿ ತಾನೇ ಹೇಳಿದಳು: “ಹಾಗಾದ್ರೆ ದೂರದ್ದೇ ಹತ್ತಿರ ಆಯ್ತು, ಮಿಸ್.”

ಫ್ಯಾನ್ ನಿಲ್ಲಿಸಿ, ಎಡತುದಿಯಿಂದ ಐದು ಸಲ ಡಸ್ಟರ್ ಬಡಿದೆವು. ಎರಡು ಮೈಕ್‌ಗಳ ನಡುವಿನ ಸಾಲುಗಳು 25, 25, 26, 25, 25. ಸರಾಸರಿ 25.2 ಸಾಲು, ಅಂದರೆ 5.67 ಮಿಲಿಸೆಕೆಂಡ್. ವೇಗ 353 ಬಂತು. ಎ1ನ್ನು ತಡವಾಗಿ ಓದುವುದರಿಂದ ಇದು ನಿಜಕ್ಕಿಂತ ಹೆಚ್ಚೇ ಇರಬೇಕು ಎಂದು ವಿವರಿಸಿ, ತಂತಿ ಬದಲಿಸಲು ಕೈ ಹಾಕಿದೆ. ಆಗ ಕಿಟಕಿ ಪಕ್ಕದ ಹುಡುಗನೊಬ್ಬ, “ಮಿಸ್, ತಂತಿ ಯಾಕೆ ಕೀಳ್ತೀರ? ಆ ಕಡೆಯಿಂದ ಬಡಿದ್ರೆ ಆಗಲ್ವಾ?” ಎಂದ.

ಆಗುತ್ತದೆ. ನನಗೆ ಹೊಳೆದಿರಲಿಲ್ಲ. ಬಲತುದಿಯಿಂದ ಬಡಿದರೆ ಎ1 ಹತ್ತಿರದ ಮೈಕ್ ಆಗುತ್ತದೆ, ಎ0 ದೂರದ್ದು. ಮೊದಲು ಕಡಿಮೆ ತೋರಿಸುತ್ತಿದ್ದ 112 ಮೈಕ್ರೋಸೆಕೆಂಡನ್ನು ಈಗ ಅಷ್ಟೇ ಹೆಚ್ಚು ತೋರಿಸುತ್ತದೆ. ಸರಾಸರಿಯಲ್ಲಿ ಅದು ಪೂರ್ತಿ ಕಳೆದುಹೋಗುತ್ತದೆ. ತಕ್ಕಡಿಯ ತಟ್ಟೆಗಳು ಸಮವಿಲ್ಲವೆಂಬ ಅನುಮಾನ ಬಂದರೆ ಸರಕನ್ನೂ ಬೊಟ್ಟನ್ನೂ ಅದಲುಬದಲು ಮಾಡಿ ತೂಗುವ ಹಾಗೆ. ಮೈಕ್‌ಗಳನ್ನು ಮುಟ್ಟುವುದೇ ಬೇಡ. ಎರಡು ಮೈಕ್‌ಗಳಲ್ಲಿ ಒಂದು ಕೊಂಚ ಮಂದವಾಗಿದ್ದರೆ ಆ ತಪ್ಪೂ ಬಹುಮಟ್ಟಿಗೆ ಕಳೆಯುತ್ತದೆ.

ಬಲದಿಂದ ಐದು ಸಲ: 26, 26, 27, 26, 26. ಸರಾಸರಿ 26.2 ಸಾಲು, 5.895 ಮಿಲಿಸೆಕೆಂಡ್, ವೇಗ 339. ಎರಡೂ ಕಡೆಯ ಸಮಯದ ಸರಾಸರಿ 5.78 ಮಿಲಿಸೆಕೆಂಡ್. ಎರಡು ಮೀಟರನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ 346 ಮೀಟರ್. ಅಂದು ತರಗತಿಯ ಉಷ್ಣತೆ 27 ಡಿಗ್ರಿ. 331ಕ್ಕೆ ಪ್ರತಿ ಡಿಗ್ರಿಗೆ 0.6ರಂತೆ ಕೂಡಿಸಿದರೆ 347. ಎರಡು ಕಡೆಯ ಸರಾಸರಿಗಳಿಗೆ ಇರುವ ವ್ಯತ್ಯಾಸವೂ ಸರಿಯಾಗಿ ಒಂದು ಸಾಲು, ಅಂದರೆ 112ರ ಎರಡರಷ್ಟು. ತಪ್ಪು ಎಲ್ಲಿದೆ ಎಂದು ನಾವು ಹೇಳಿದ್ದೆವೋ ಅಲ್ಲೇ, ಹೇಳಿದಷ್ಟೇ ಇತ್ತು. 346 ಬಂದದ್ದರಲ್ಲಿ ಸ್ವಲ್ಪ ಅದೃಷ್ಟವೂ ಇದೆ. ಒಂದು ಸಾಲು ಆಚೀಚೆಯಾದರೆ ವೇಗ 13ರಷ್ಟು ಬದಲಾಗುತ್ತದೆ. ಅದಕ್ಕೇ ಒಂದು ಸಲ ಅಳೆದು ಬಿಡಬಾರದು ಎಂಬುದನ್ನೂ ಮಕ್ಕಳಿಗೆ ಹೇಳಿದೆ.

ಬೇರೆ ಪ್ರಯೋಗ ಮಾಡುವವರಿಗೆ

ಯಾವಾಗ ಚಿಂತೆ ಬೇಡ, ಯಾವಾಗ ಬೇಕು ಎಂಬುದನ್ನು ಮೊದಲು ಲೆಕ್ಕ ಹಾಕಿ. ಮೂರು ಪಾತ್ರೆಗಳಲ್ಲಿ ನೀರು ತಣ್ಣಗಾಗುವುದನ್ನು ಮೂರು ಥರ್ಮಿಸ್ಟರ್‌ಗಳಿಂದ ಅಳೆಯುವುದಾದರೆ ಒಂದು ಸೆಕೆಂಡು ತಡವಾದರೂ ನಷ್ಟವಿಲ್ಲ. 50 ಹರ್ಟ್ಸ್ ಪರ್ಯಾಯ ವಿದ್ಯುತ್ತಿನ ವೋಲ್ಟೇಜ್ ಮತ್ತು ಕರೆಂಟ್ ಅಳೆಯುವುದಾದರೆ 112 ಮೈಕ್ರೋಸೆಕೆಂಡ್ ಎಂದರೆ 2 ಡಿಗ್ರಿ ಹಂತ ವ್ಯತ್ಯಾಸ. ಬಲ್ಬಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಹಂತ ವ್ಯತ್ಯಾಸ 60 ಡಿಗ್ರಿ ಇರುವ ಮೋಟಾರಿಗೆ, ಅದನ್ನು 62 ಎಂದು ಓದಿದರೆ, ಶಕ್ತಿಯ ಲೆಕ್ಕ ಶೇಕಡಾ 6ರಷ್ಟು ತಪ್ಪುತ್ತದೆ. ಅಲ್ಲಿ ಒಂದು ಉಪಾಯವಿದೆ: ಎ0, ಎ1, ಮತ್ತೆ ಎ0 ಎಂದು ಸಮ ಅಂತರದಲ್ಲಿ ಓದಿ, ಎ0ಯ ಎರಡು ಓದುಗಳ ಸರಾಸರಿ ತೆಗೆದುಕೊಂಡರೆ ಅದು ಹೆಚ್ಚುಕಡಿಮೆ ಎ1ನ್ನು ಓದಿದ ಕ್ಷಣದ ಬೆಲೆಯೇ ಆಗುತ್ತದೆ.

ಎಡಿಸಿಯ ಗಡಿಯಾರವನ್ನು 128ರ ಬದಲು 16ರಿಂದ ಭಾಗಿಸಿದರೆ ಒಂದು ಓದು 13 ಮೈಕ್ರೋಸೆಕೆಂಡಿಗೆ ಇಳಿಯುತ್ತದೆ. ನಿಖರತೆ ಸ್ವಲ್ಪ ಕಡಿಮೆಯಾಗುತ್ತದೆ. ತಯಾರಕರ ಕೈಪಿಡಿಯ ಪ್ರಕಾರ ಪೂರ್ಣ 10 ಬಿಟ್ ನಿಖರತೆಗೆ ಗಡಿಯಾರ 200 ಕಿಲೋಹರ್ಟ್ಸ್ ಮೀರಬಾರದು. ನಿಜವಾಗಿಯೂ ಒಂದೇ ಕ್ಷಣಕ್ಕೆ ಬೇಕೆಂದರೆ ಒಂದಕ್ಕಿಂತ ಹೆಚ್ಚು ಕಣ್ಣುಗಳಿರುವ ಚಿಪ್ ಬೇಕು. ಎಸ್‌ಟಿಎಂ32ಎಫ್103ರಲ್ಲಿ ಎರಡು ಎಡಿಸಿಗಳನ್ನು ಒಟ್ಟಿಗೆ ಓಡಿಸಬಹುದು. ಎಡಿ7606 ಎಂಬ ಪ್ರತ್ಯೇಕ ಚಿಪ್ ಎಂಟು ಸಂಕೇತಗಳನ್ನು ಒಂದೇ ಕ್ಷಣದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ.

ಇನ್ನೊಂದು ಮೋಸವಿದೆ. ಪ್ರಯೋಗದ ನಡುವೆ ಒಂದು ಮೈಕ್‌ನ ತಂತಿ ಕಳಚಿತ್ತು. ಆದರೂ ಎ1 ಸರಿಯಾಗಿಯೇ ಓದುತ್ತಿರುವಂತೆ ಕಂಡಿತು. ಅದು ತೋರಿಸುತ್ತಿದ್ದದ್ದು ಎ0ಯ ನೆರಳನ್ನು. ಒಳಗಿನ 14 ಪಿಕೋಫ್ಯಾರಡ್ ಕೆಪ್ಯಾಸಿಟರ್‌ನಲ್ಲಿ ಹಿಂದಿನ ಪಿನ್‌ನ ವೋಲ್ಟೇಜ್ ಉಳಿದಿರುತ್ತದೆ. ಹೊಸ ಪಿನ್ ಅದನ್ನು ಬದಲಿಸದಿದ್ದರೆ ಹಳೆಯದೇ ಕಾಣುತ್ತದೆ. ಸಂವೇದಕದ ರೋಧ 10 ಕಿಲೋಓಮ್‌ಗಿಂತ ಬಹಳ ಹೆಚ್ಚಿದ್ದರೂ ಕೆಪ್ಯಾಸಿಟರ್ ತುಂಬಲು ಹೊತ್ತು ಸಾಲದೆ ಹೀಗಾಗಬಹುದು. ಅಂಥ ಕಡೆ ಪಿನ್ ಬದಲಿಸಿದ ಮೇಲಿನ ಮೊದಲ ಓದನ್ನು ಬಿಟ್ಟು ಎರಡನೆಯದನ್ನು ತೆಗೆದುಕೊಳ್ಳಿ. ಪ್ರಯೋಗಕ್ಕೆ ಮೊದಲು ಎರಡೂ ಪಿನ್‌ಗಳಿಗೆ ಒಂದೇ ಮೈಕ್ ಜೋಡಿಸಿ ಹಲವು ಸಲ ಓದಿಸಿ ನೋಡಿ. ಒಂದೇ ಸದ್ದಿಗೆ ಎರಡು ಬೇರೆ ಸಮಯ ಬಂದರೆ ತಪ್ಪು ನಿಮ್ಮ ಏರ್ಪಾಟಿನಲ್ಲಿದೆ. ಈ ಎರಡು ನಿಮಿಷದ ಪರೀಕ್ಷೆ ಮಾಡಿದ್ದರೆ ನನ್ನ ಮೊದಲ ಪಾಠ ಉಳಿಯುತ್ತಿತ್ತು.

ಎರಡನೇ ವೀಕ್ಷಣಾ ನಮೂನೆಯಲ್ಲಿ ‘ಸಮಯ ಪಾಲನೆ’ಯ ಎದುರು ನನಗೆ ಕಡಿಮೆ ಅಂಕ ಬಂದಿದೆ. ಗಂಟೆ ಹೊಡೆದ ಮೇಲೂ ಬಲತುದಿಯ ಕೊನೆಯ ಎರಡು ಓದುಗಳು ಬಾಕಿ ಇದ್ದವು, ಮಕ್ಕಳು ಏಳಲಿಲ್ಲ. ಹಲಗೆಯ ಮೇಲಿದ್ದ 346ನ್ನು ಅವರು ಬರೆದುಕೊಂಡರು. ಹಿಂದಿನ ಪುಟದ 340ರ ಪಕ್ಕದಲ್ಲಿ ಕೆಲವರು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು, ಅಳಿಸಿರಲಿಲ್ಲ.

ಬೋರ್ಡು, ಎರಡು ಮೈಕ್ ಮತ್ತು ಪ್ರೋಗ್ರಾಂ ಬರೆದ ಹಾಳೆಯನ್ನು ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ಕಪಾಟಿನಲ್ಲಿ ಇಟ್ಟಿದ್ದೇನೆ. ‘ಶಬ್ದ’ ಘಟಕ ಬಂದವರು ತೆಗೆದುಕೊಂಡು ಹೋಗಬಹುದು. ಡಸ್ಟರ್ ಎರಡು ಬೇಕು. ಫ್ಯಾನ್ ನಿಲ್ಲಿಸಲು ಮರೆಯಬೇಡಿ.